ಹವಳ ಅಂದಿದ್ದಿ

ನಮ್ಮ ಅತ್ತೆ ಲಕ್ಷ್ಮೀಬಾಯಿ ನನ್ನ ಕೈಯ ಊಟ ಬಿಟ್ಟದ್ದು ಶ್ರಾವಣದ ಎರಡನೇ ಭಾನುವಾರ, ಬೆಳಗಿನ ಹತ್ತೂವರೆಗೆ. ಅಷ್ಟು ಹೊತ್ತಿಗೆ ಆರು ರೊಟ್ಟಿ ಆಗಿದ್ದವು. ಹೆಸರುಬೇಳೆ ಕುದಿಯುತ್ತಿತ್ತು.

ಅವರು ಹೊರಗೆ ಎಲ್ಲೂ ಉಣ್ಣುವವರಲ್ಲ. ಮದುವೆ ಮನೆಗೂ ಡಬ್ಬಿ ಕಟ್ಟಿಕೊಂಡು ಹೋಗುವವರು. ನಾನು ಹುಕ್ಕೇರಿಯ ಈ ಮನೆಗೆ ಸೊಸೆಯಾಗಿ ಬಂದಾಗ ಆರು ತಿಂಗಳು ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಹಿತ್ತಲ ಬಾವಿಯ ನೀರನ್ನು ನಾನು ಹೇಗೆ ಸೋಸುತ್ತೇನೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅರಿವೆ ಎರಡು ಮಡಿಕೆ ಇರಬೇಕು. ಸೋಸಿದ ಮೇಲೆ ಆ ಅರಿವೆಯನ್ನು ಸೋಸಿದ ನೀರಿನಲ್ಲೇ ಜಾಲಿಸಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿಯುವಂತಿಲ್ಲ. ಕೊಡವನ್ನು ನೀರು ಮುಟ್ಟುವವರೆಗೆ ಇಳಿಸಿ, ಅಲ್ಲಿ ಮೆಲ್ಲಗೆ ಓರೆ ಮಾಡಬೇಕು.

"ಬಂದ ನೀರಿಗೇ ಹೋಗಬೇಕು ಅವು. ಬ್ಯಾರೆ ನೀರಿಗೆ ಬಿಟ್ರ ಸಾಯ್ತಾವು," ಎಂದು ಕಲಿಸಿದ್ದರು.

ಏಳನೇ ತಿಂಗಳು ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ ಎದ್ದು, "ಇನ್ನ ನೀನ ಮಾಡು," ಎಂದರು. ಅಂದಿನಿಂದ ಹದಿನಾಲ್ಕು ವರ್ಷ ನಾನೇ ಮಾಡಿದ್ದೆ. ಪಲ್ಯ ಚೆನ್ನಾಗಿದ್ದ ದಿನ ಅವರು "ಉಪ್ಪ ಹದಾ ಬಿದ್ದೈತಿ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೊಗಳಿದ್ದು ನನಗೆ ನೆನಪಿಲ್ಲ.

ಕೆಟ್ಟದ್ದು ಪಡಸಾಲೆಯ ಗಾಜಿನ ತೊಟ್ಟಿಯಿಂದ.

ನನ್ನ ಗಂಡ ಅಭಿನಂದನ ಸಂಕೇಶ್ವರದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಮೂರು ವರ್ಷದ ಹಿಂದೆ ಮೂಡಲಗಿಯ ಗೆಳೆಯ ಕಿಶೋರನ ಮನೆಯಿಂದ ಲಿಂಬೆಹಣ್ಣಿನಷ್ಟು ಒಂದು ತುಂಡು ತಂದು ತೊಟ್ಟಿಯಲ್ಲಿಟ್ಟರು. ಅದರ ಹೆಸರು ಬಬಲ್ ಕೋರಲ್. ಕೆಳಗೆ ಕಲ್ಲು, ಕಲ್ಲಿನ ಮೇಲೆ ಮೆತ್ತನೆಯ ಮೈ. ತೊಟ್ಟಿಯ ಲೈಟು ಹತ್ತಿದ ಮೇಲೆ ಆ ಮೈ ಉಬ್ಬಿ ತಿಳಿಹಸಿರು ದ್ರಾಕ್ಷಿಯ ಗೊಂಚಲಿನ ಹಾಗೆ ಆಗುತ್ತಿತ್ತು. ಸಂಜೆ ಲೈಟು ಆರಿದರೆ ಗುಳ್ಳೆಗಳು ಇಳಿದು, ಸಂದಿನಿಂದ ಸಣ್ಣ ಎಳೆಗಳು ಹೊರಬರುತ್ತಿದ್ದವು.

ತೊಟ್ಟಿಯಲ್ಲಿ ಮೀನು ಇರಲಿಲ್ಲ. ಮೀನನ್ನು ಸೆರೆ ಹಾಕಲು ಅತ್ತೆ ಬಿಡುತ್ತಿರಲಿಲ್ಲ. ಇದನ್ನು ತಂದ ದಿನವೂ ಬಗ್ಗಿ ನೋಡಿ ಕೇಳಿದ್ದರು.

"ಇದೇನೋ ಅಭಿ?"

"ಹವಳ ಅವ್ವಾ."

"ನನ್ನ ಉಂಗುರದಾಗಿಂದು ಕೆಂಪ ಐತಲ್ಲ?"

"ಇದು ಹಸರು ಜಾತೀದು."

"ಎಲ್ಲಿಂದ ಬಂತು?"

"ಮೂಡಲಗಿಯಿಂದ."

ಹತ್ತು ದಿನಕ್ಕೊಮ್ಮೆ ಅಭಿನಂದನ ಅಡುಗೆಮನೆಯ ಫಿಲ್ಟರಿನಿಂದ ಎರಡು ಬಕೆಟ್ ನೀರು ಹಿಡಿದು, ಅದಕ್ಕೆ ಬಿಳಿ ಪುಡಿ ಕಲಸಿ, ತೊಟ್ಟಿಯ ಹಳೆ ನೀರು ತೆಗೆದು ಇದನ್ನು ಹಾಕುತ್ತಿದ್ದರು. ಅದು ಉಪ್ಪು. ಕೋರಲ್ ಸಮುದ್ರದ ಜೀವ. ನೀರು ಸಮುದ್ರದಷ್ಟೇ ಉಪ್ಪಿದ್ದರೆ ಮಾತ್ರ ಬದುಕುತ್ತದೆ. ಪುಡಿ ಏನೆಂದು ಅತ್ತೆ ಕೇಳಿದಾಗ ಅವರು "ಔಷಧ" ಎಂದಿದ್ದರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ವಿವರಿಸುವ ತ್ರಾಸು ತಪ್ಪಿಸಿಕೊಂಡದ್ದು. ನಾನೂ ಅಲ್ಲೇ ಸೊಪ್ಪು ಸೋಸುತ್ತ ಕುಳಿತಿದ್ದೆ.

ಇನ್ನೊಂದು ವಿಷಯವಿತ್ತು. ವಾರಕ್ಕೆರಡು ಸಲ ಅದಕ್ಕೆ ಸಿಗಡಿಯ ಚೂರು ತಿನ್ನಿಸಬೇಕಿತ್ತು. ಹೆಪ್ಪುಗಟ್ಟಿದ ಸಿಗಡಿಯ ಪೊಟ್ಟಣ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಬಟಾಣಿಯ ಹಿಂದೆ, ಡಬ್ಬಿಯೊಳಗಿನ ಡಬ್ಬಿಯಲ್ಲಿ ಇರುತ್ತಿತ್ತು. ಆ ಡಬ್ಬಿಗಳನ್ನು ಕೊಟ್ಟವಳು ನಾನು. ನಮ್ಮ ಮನೆಯಲ್ಲಿ ಸಂಜೆಯಾದ ಮೇಲೆ ಯಾರೂ ಉಣ್ಣುವುದಿಲ್ಲ. ಅತ್ತೆ ಜಪಕ್ಕೆ ಕುಳಿತಾಗ ಅಭಿನಂದನ ಚಿಮಟದಲ್ಲಿ ಚೂರು ಹಿಡಿದು, "ಹೊತ್ತ ಮುಳಗಿದ ಮ್ಯಾಲೆ ಉಣ್ಣೂದು ಈ ಮನ್ಯಾಗ ಇದೊಂದ ನೋಡು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ನಾನು ನಗುತ್ತಿದ್ದೆ.

ಬೇಸಿಗೆಯಲ್ಲಿ ಒಂದಿಡೀ ದಿನ ಕರೆಂಟ್ ಹೋಗಿ ಕಿಶೋರನ ತೊಟ್ಟಿಯದು ಸತ್ತಿತು. ಒಬ್ಬರದು ಹೋದರೆ ಇನ್ನೊಬ್ಬರದು ಇರಲಿ ಎಂದು ತುಂಡು ಹಂಚಿಕೊಂಡಿರುವುದು ಇದನ್ನು ಸಾಕುವವರ ರೂಢಿ. ನಮ್ಮದು ಅಷ್ಟರಲ್ಲಿ ತೆಂಗಿನಕಾಯಿಯ ಹೋಳಿನಷ್ಟಾಗಿ ಎರಡು ಬಾಯಿ ಬಿಟ್ಟಿತ್ತು. ನಡುವೆ ಕೊಯ್ದು ಅರ್ಧ ಅವನಿಗೆ ಕೊಡುವುದು ಆ ಭಾನುವಾರಕ್ಕೆ ನಿಶ್ಚಯವಾಗಿತ್ತು.

ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಿನ ಮೇಲೆ ಕೆಲಸ ನಡೆಯಿತು. ಗುಳ್ಳೆ ಉಬ್ಬಿದ್ದಾಗ ಕೊಯ್ದರೆ ಮೈ ಹರಿಯುತ್ತದೆ. ಆದ್ದರಿಂದ ಮೊದಲು ಬಕೆಟ್ಟಿನ ನೀರಿನಲ್ಲೇ ಮೆತ್ತನೆಯ ಬ್ರಶ್ಶಿನಿಂದ ತಾಗಿಸಿ ತಾಗಿಸಿ ಗುಳ್ಳೆ ಇಳಿಸಿದರು. ಆಮೇಲೆ ಬೋರಲು ಹಿಡಿದು, ಟೈಲ್ಸ್ ಕತ್ತರಿಸುವ ಸಣ್ಣ ಮಷೀನಿನಿಂದ ಕೆಳಗಿನ ಕಲ್ಲನ್ನು ಕೊಯ್ಯತೊಡಗಿದರು. ಏಳನೆಯ ತರಗತಿಯ ನಮ್ಮ ಮಗಳು ಸನ್ಮತಿ ಲೋಟದಿಂದ ಮೇಲೆ ನೀರು ಬಿಡುತ್ತಿದ್ದಳು. ಮಾವ ಪಾರ್ಶ್ವನಾಥ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು.

"ಎಮ್ಮೆಸ್ಸಿ ಕಲಿಸಿದ್ದು ಅರಿವಿ ಒಗ್ಯೂ ಕಲ್ಲಿನ ಮ್ಯಾಲೆ ಕುಂಡ್ರಾಕ ಏನಪಾ?" ಎಂದರು.

"ಸ್ವಲ್ಪ ಸುಮ್ನಿರ್ರಿ ಅಪ್ಪಾ, ಕೈ ಜಾರತೈತಿ."

ಮಷೀನು ನಿಂತಿತು. ತುಂಡು ಎರಡಾಗಿತ್ತು. ಕೊಯ್ದ ಕಡೆ ಲೋಳೆ ಬಂದಿತ್ತು. ಅಭಿನಂದನ ಅದನ್ನು ಬ್ರಶ್ಶಿನಿಂದ ತೆಗೆಯುವಾಗ ಅತ್ತೆ ಬಸದಿಯಿಂದ ಬಂದು ಹಿಂಬಾಗಿಲಲ್ಲಿ ನಿಂತಿದ್ದರು.

"ಹಿಂದ ಸರೀತು," ಎಂದರು.

ಯಾರಿಗೂ ಏನೆಂದು ತಿಳಿಯಲಿಲ್ಲ.

"ಮುಟ್ಟಿದ ಕೂಡ್ಲೇ ಹಿಂದ ಸರೀತು ಅದು. ಕಲ್ಲ ಹಿಂದ ಸರಿತೈತೇನು? ಜೀವ ಐತೇನೋ ಅದಕ್ಕ?"

ಅಭಿನಂದನ ಗಾಯ ತೊಳೆಯುವ ನೀರಿಗೆ ಅಯೋಡಿನ್ ಹನಿ ಬಿಡುತ್ತಿದ್ದರು. ತಲೆ ಎತ್ತಲಿಲ್ಲ. "ಹೂಂ ಅವ್ವಾ."

"ಹವಳ ಅಂದಿದ್ದಿ."

"ಹವಳಾನ. ಹವಳ ಅಂದ್ರನ ಜೀವ. ಕಲ್ಲ ಅದರ ಎಲುವು."

ಅತ್ತೆ ತಮ್ಮ ಬೆರಳಿನ ಉಂಗುರ ನೋಡಿಕೊಂಡರು. ಅವರ ತಂದೆ ಮಾಡಿಸಿದ್ದು.

"ಏನ ತಿಂತೈತಿ ಅದು?"

ಅಭಿನಂದನ ಇನ್ನೊಂದು ಹನಿ ಬಿಟ್ಟರು. ಸನ್ಮತಿ ಹೇಳಿದಳು: "ಸಿಗಡಿ, ಆಯಿ. ಫ್ರಿಜ್ಜಿನ್ಯಾಗ ಐತಲ್ಲ, ಬಟಾಣಿ ಹಿಂದ."

ಮಾವ ಪೇಪರ್ ಮಡಚಿದರು. ಅತ್ತೆ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನಿನಗ ಗೊತ್ತಿತ್ತಾ ಆರತಿ?"

"ಗೊತ್ತಿತ್ರಿ ಅತ್ತಿ."

ಅವರು ಕಾಲು ತೊಳೆದು ಒಳಗೆ ಬಂದರು. ರೊಟ್ಟಿಯ ಬುಟ್ಟಿ ನೋಡಿದರು. ಬೇಳೆ ಉಕ್ಕುತ್ತಿತ್ತು, ಗ್ಯಾಸ್ ಸಣ್ಣಗೆ ಮಾಡಿ ಹೊರಗೆ ಹೋದರು. ಆ ದಿನ ಉಪವಾಸ. ಮರುದಿನ ಅಟ್ಟದಿಂದ ಇದ್ದಿಲಿನ ಶೇಗಡಿ ಇಳಿಸಿ, ಹಿಂದಿನ ಪಡಸಾಲೆಯಲ್ಲಿ ತಮಗಷ್ಟೇ ಅನ್ನ, ತೊವ್ವೆ ಮಾಡಿಕೊಂಡರು.

ನಾನು ಫ್ರಿಜ್ಜನ್ನು ಮೂರು ಸಲ ತೊಳೆದೆ. ಸಿಗಡಿಯ ಪೊಟ್ಟಣ ಹೋಯಿತು. ತುಪ್ಪದ ಗಿಂಡಿ, ಹಿಟ್ಟಿನ ಡಬ್ಬಿ, ಎಲ್ಲವನ್ನೂ ಬೂದಿ ಹಾಕಿ ತಿಕ್ಕಿದೆ. ಹೇಳಿದೆ. ಅವರು "ಹೂಂ" ಎಂದರು. ಶೇಗಡಿ ಅಲ್ಲೇ ಇತ್ತು.

ಮಾವ ಎರಡೂ ಕಡೆ ಉಣ್ಣುತ್ತಿದ್ದರು.

"ನನಗೇನ, ಎರಡ ಖಾನಾವಳಿ ಆದಂಗಾತು. ಇಲ್ಲಿ ರೊಟ್ಟಿ, ಅಲ್ಲಿ ಅನ್ನಾ."

"ಉಣ್ರಿ ಉಣ್ರಿ," ಎಂದರು ಅತ್ತೆ ಹಿಂದಿನಿಂದ. "ಸಿಗಡಿ ಬಾಜೂ ಇಟ್ಟಿದ್ದ ಬೆಣ್ಣಿ, ರುಚಿ ಇರತೈತಿ."

"ಅಂತೂ ನೀ ರುಚಿ ಮಾತ ಆಡಿದೆಲ್ಲಾ ಇವತ್ತ."

ಕಿಶೋರ ಅದೇ ಭಾನುವಾರ ಬಂದು ತನ್ನ ಅರ್ಧವನ್ನು ಮೂಡಲಗಿಗೆ ಒಯ್ದಿದ್ದ. ನಮ್ಮ ಅರ್ಧಕ್ಕೆ ಅಭಿನಂದನ ತಿನ್ನಿಸುವುದನ್ನು ನಿಲ್ಲಿಸಿದ್ದರು. ಬೆಳಕಿನಿಂದಲೂ ಅದರ ಹೊಟ್ಟೆ ಸ್ವಲ್ಪ ತುಂಬುತ್ತದಂತೆ. ಮೊದಲ ವಾರ ಅದು ಮುದುಡಿಕೊಂಡೇ ಇತ್ತು. ಎರಡನೇ ವಾರ ಸಾಬುದಾಣಿಯಷ್ಟು ಗುಳ್ಳೆ ಬಂದವು. ಮೂರನೇ ವಾರ ಕೊಯ್ದ ಅಂಚನ್ನು ಮೈ ಮುಚ್ಚಿತು. ಅವರು ಕಾರ್ಖಾನೆಯಿಂದ ಬಂದ ಮೇಲೆ ಅದರ ಮುಂದೆ ಕುಳಿತು ಚಹಾ ಕುಡಿಯುತ್ತಿದ್ದರು. ಹಿಂದಿನಿಂದ ಇದ್ದಿಲಿನ ಹೊಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ತಾಯಿಯ ಮುಂದೆ ನಿಂತರು.

"ಎಷ್ಟ ದಿನಾ ಅವ್ವಾ ಹಿಂಗ?"

"ಅದು ಈ ಮನ್ಯಾಗ ಇರೂತನಾ."

"ಮತ್ತ ಅದನ್ನ ಎಲ್ಲಿ ಒಗೀಲಿ?"

"ಒಗಿ ಅಂದ್ನೇನು? ಬಂದಲ್ಲಿ ಬಿಟ್ಟ ಬಾ."

"ಬಂದಲ್ಲಿ ಅಂದ್ರ ಎಲ್ಲಿ ಅವ್ವಾ, ಅದು..."

ಓಣಿಯ ತುದಿಯಲ್ಲಿ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆಯಿತು. ಅವರು ಡಬ್ಬಿ ತೆಗೆದುಕೊಂಡು ಓಡಿದರು. ಆ ಮಾತನ್ನು ನಾನಾದರೂ ಪೂರ್ತಿ ಮಾಡಬಹುದಿತ್ತು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು.

ಭಾದ್ರಪದದ ಹತ್ತು ದಿನದ ಪರ್ವಕ್ಕೆ ನಾಲ್ಕು ದಿನ ಉಳಿದಿತ್ತು. ಸನ್ಮತಿಯ ಕಣ್ಣು ತೋರಿಸಲು ಅವಳನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿದ್ದೆ. ನಾಲ್ಕು ಗಂಟೆಗೆ ತಿರುಗಿ ಬಂದಾಗ ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ಹಾಲಿನ ಸ್ಟೀಲ್ ಕ್ಯಾನು ಬೋರಲಾಗಿತ್ತು. ತೊಟ್ಟಿಯೊಳಗೆ ಕಲ್ಲುಗಳಿದ್ದವು, ಅದು ಇರಲಿಲ್ಲ.

"ದಡ್ಡಿಗೆ ಹೋಗಿ ಬಂದ್ನಿ," ಎಂದರು. ದಡ್ಡಿ ಅವರ ತವರು, ಘಟಪ್ರಭೆಯ ದಂಡೆ. "ಹೊಳಿ ತುಂಬೈತಿ. ಪಾವಟಿಗಿ ಇಳದು, ಕ್ಯಾನ ನೀರಿಗೆ ಮುಟ್ಟಿಸಿ, ಸಾವಕಾಶ ಓರೆ ಮಾಡಿದ್ನಿ. ಅದರ ನೀರಿನ ಸಮೇತ ಒಯ್ದಿದ್ನಿ, ಅದರ ಸಮೇತ ಬಿಟ್ನಿ. ಉಂಗುರಾನೂ ಬಿಟ್ನಿ."

ಬೆರಳಲ್ಲಿ ಉಂಗುರದ ಜಾಗ ಬೆಳ್ಳಗಿತ್ತು. ಮಣಿಕಟ್ಟಿನ ಮೇಲೆ ಕೆಂಪು ಬೊಕ್ಕೆ ಎದ್ದಿದ್ದವು. ಎತ್ತುವಾಗ ಅದು ಚುಚ್ಚಿತ್ತು.

"ಮೂಡಲಗಿದಲ್ಲಾ ಅದು? ಅದ ಹೊಳಿ ಆ ಕಡೇನ ಹೋಗತೈತಿ."

ಒಳಗಿನಿಂದ ಮಾವ ಹೇಳಿದರು: "ಹಿಡಕಲ್ ಡ್ಯಾಮ್ ದಾಟಬೇಕು, ಗೋಕಾಕ ಫಾಲ್ಸಿನ್ಯಾಗ ಜಿಗೀಬೇಕು, ಆಮ್ಯಾಲೆ ಮೂಡಲಗಿ. ಟಿಕೀಟ ತಗದು ಬಸ್ಸಿನ್ಯಾಗ ಕುಂಡ್ರಿಸಿದ್ರ ಲಗೂ ಮುಟ್ಟತಿತ್ತು."

"ನಗ್ರಿ ನಗ್ರಿ." ಅತ್ತೆ ನನ್ನ ಕಡೆ ತಿರುಗಿದರು. "ಬದಕತೈತಲ್ಲಾ ಆರತಿ? ನೀ ಕಲತಾಕಿ ಅದಿ, ಹೇಳು."

ತೊಟ್ಟಿಯ ಗಾಜಿನ ಅಂಚಿಗೆ ಬಿಳಿಯ ಉಪ್ಪು ಕಟ್ಟಿತ್ತು.

"ಬದಕತೈತ್ರಿ ಅತ್ತಿ."

ಸನ್ಮತಿ ಬಾಯಿ ತೆರೆದಳು. ಅವಳ ಮಣಿಕಟ್ಟು ಹಿಡಿದು ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ಹಾಕಿದ ಹನಿಯಿಂದ ಅವಳ ಕಣ್ಣು ಇನ್ನೂ ಮಂಜಾಗಿತ್ತು.

ಅಭಿನಂದನ ಬಂದು ನಿಂತು ನೋಡಿದರು. "ಎಷ್ಟೊತ್ತಿಗೆ ಬಿಟ್ಟಿ ಅವ್ವಾ?"

"ಹನ್ನೊಂದಕ್ಕ."

ಗಡಿಯಾರ ನೋಡಿದರು. ಆರಾಗಿತ್ತು. ಕೂತು ಬೂಟು ಬಿಚ್ಚಿದರು. ಆಮೇಲೆ ತೊಟ್ಟಿಯ ಪಂಪ್ ಆಫ್ ಮಾಡಿದರು. ಮೂರು ವರ್ಷದಿಂದ ಮನೆಯಲ್ಲಿ ಆ ಗುಂಯ್ ಸದ್ದು ಇತ್ತೆಂದು ಅದು ನಿಂತ ಮೇಲೆ ಗೊತ್ತಾಯಿತು. ಅಡುಗೆಮನೆಗೆ ಬಂದು ನೀರು ಕುಡಿದರು.

"ಸಿಹಿನೀರಿನ್ಯಾಗ ಭಾಳ ಹೊತ್ತ ಇರಂಗಿಲ್ಲ ಅದು," ಎಂದರು. ನಾನು ಒಲೆ ಒರೆಸುತ್ತಿದ್ದೆ. "ಅವ್ವಗ ಹೇಳೂದು ಬ್ಯಾಡ."

"ಹೇಳೂದಿಲ್ಲ."

ಪರ್ವದ ಹತ್ತು ದಿನವೂ ಅತ್ತೆ ದಿನಕ್ಕೊಂದೇ ಊಟ, ಅದೂ ಶೇಗಡಿಯ ಮೇಲಿನದು. ಪರ್ವ ಮುಗಿದ ಮರುದಿನ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಕೈ ಜೋಡಿಸಿ ನಿಂತರು.

"ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡವಾ."

"ನನ್ನಿಂದಾದದ್ದನ್ನೂ ಕ್ಷಮಾ ಮಾಡ್ರಿ ಅತ್ತಿ."

"ಏನ ಮಾಡೀದಿ ಇವತ್ತ?"

"ಹೀರಿಕಾಯಿ ಪಲ್ಯಾರಿ. ತೊವ್ವಿ."

"ಹಾಕು."

ಮಣೆಯ ಮೇಲೆ ಕುಳಿತು ಎರಡು ರೊಟ್ಟಿ ಉಂಡರು. ಕೈ ತೊಳೆಯಲು ಏಳುವಾಗ, "ಉಪ್ಪ ಹದಾ ಬಿದ್ದೈತಿ," ಎಂದರು. ಸಂಜೆ ಮಾವ ಶೇಗಡಿಯನ್ನು ಅಟ್ಟಕ್ಕೆ ಏರಿಸುತ್ತ, "ಒಂದ ಖಾನಾವಳಿ ಬಂದ್ ಆತಪಾ," ಎಂದು ಹೇಳಿದರು. ನಾನು ಅವರಿಗೆ ಏಣಿ ಹಿಡಿದಿದ್ದೆ.

ಎಂಟು ದಿನ ಹಾಗೇ ನಡೆಯಿತು. ಕಿಶೋರ ಫೋನಿನಲ್ಲಿ ತನ್ನ ಅರ್ಧದ ವಿಡಿಯೋ ಕಳಿಸಿದ. ಗುಳ್ಳೆಗಳು ದ್ರಾಕ್ಷಿಯಷ್ಟೇ ದೊಡ್ಡವಾಗಿದ್ದವು. ಸನ್ಮತಿ ಅದನ್ನು ಅಜ್ಜಿಗೆ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ನಮ್ಮದೂ ಹಿಂಗ ಉಬ್ಬಿರಬೇಕು ಈಗ," ಎಂದರು.

ಸನ್ಮತಿ ನನ್ನನ್ನು ನೋಡಿದಳು. ಫೋನ್ ತೆಗೆದುಕೊಂಡು ಹೋದಳು.

ಮುಂದಿನ ಭಾನುವಾರ ಅಭಿನಂದನ ತೊಟ್ಟಿ ಖಾಲಿ ಮಾಡಿದರು. ಪೈಪು ಹಾಕಿ ಬಕೆಟ್ಟಿಗೆ ನೀರು ಇಳಿಸಿ ಹಿತ್ತಲಿಗೆ ತರುತ್ತಿದ್ದರು. ನಾನೂ ಅತ್ತೆಯೂ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆವು. ಹೊಸ ಜೋಳದ ಮಾತು, ಕೊಣ್ಣೂರಿನ ನಾದಿನಿಯ ಮಗಳನ್ನು ನೋಡಲು ಬರುವವರ ಮಾತು ನಡೆದಿತ್ತು. ಅಭಿನಂದನ ಮೊದಲ ಬಕೆಟ್ ಎತ್ತಿಕೊಂಡು ಕರಿಬೇವಿನ ಕಡೆ ನಡೆದರು.

"ರೀ, ಕರಿಬೇವಿನ ಬುಡಕ ಹಾಕಬ್ಯಾಡ್ರಿ," ಎಂದೆ. "ಸತ್ತ ಹೋಗತೈತಿ. ಅಷ್ಟ ಉಪ್ಪಿನ್ಯಾಗ..."

ಅಲ್ಲಿಗೆ ನಿಲ್ಲಿಸಿದೆ.

ಅತ್ತೆಯ ಕೈ ಮೊರದಲ್ಲಿ ನಿಂತಿತು. ಅವರು ಮೊರವನ್ನು ಕೆಳಗಿಟ್ಟು, ಸೀರೆಯ ಹೊಟ್ಟು ಕೊಡವಿ ಎದ್ದರು. ಬಕೆಟ್ಟಿನ ಹತ್ತಿರ ಹೋಗಿ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಉಗುಳಲಿಲ್ಲ.

"ಮೊದಲಿಂದೂ ಹಿಂಗ ಇತ್ತಾ ನೀರು?"

"ಹೂಂ ಅವ್ವಾ."

"ಔಷಧ ಅಂದಿದ್ದಿ."

ಅಭಿನಂದನ ಬಕೆಟ್ಟನ್ನು ನೆಲಕ್ಕಿಟ್ಟರು. ಅತ್ತೆ ತಿರುಗಿ ಬಂದು ಕುಳಿತರು. ನನಗೂ ಹಾಗೇ ಕೇಳುತ್ತಾರೆಂದು ಕಾದೆ. 'ಬದಕತೈತಿ ಅಂದಿದ್ದಿ' ಎಂದರೆ ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದೆ. ಅವರು ಮೊರ ಎತ್ತಿಕೊಂಡು ಜೋಳ ಕೇರಿದರು. ಕಲ್ಲು ಆರಿಸಿ ಒಂದೊಂದಾಗಿ ಬದಿಗಿಟ್ಟರು. ಚೀಲ ಮುಗಿಯುವವರೆಗೆ ಎದ್ದೇಳಲಿಲ್ಲ. ನೀರೆಲ್ಲ ಗಟಾರಕ್ಕೆ ಹೋಯಿತು.

ಮರುದಿನ ಬಸದಿಯಿಂದ ತಡವಾಗಿ ಬಂದರು. ಎಲ್ಲರ ಜೊತೆ ಊಟಕ್ಕೆ ಕುಳಿತರು. ನಾನು ರೊಟ್ಟಿ ಹಾಕಿ ಪಲ್ಯದ ಸೌಟು ಎತ್ತಿದೆ. ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ಉಪ್ಪ ಹಾಕಿದ್ದು ನನಗ ಬ್ಯಾಡ."

"ಬಿ.ಪಿ. ಬಂತೇನ?" ಮಾವ ಕೇಳಿದರು.

"ಬಿಟ್ಟೇನಿ. ಬಸದ್ಯಾಗ ನೇಮ ತಗೊಂಡೇನಿ."

"ಎಷ್ಟ ದಿನಾ?"

"ಇರೂತನಾ."

ಮಾವ ಏನೋ ನಗೆಯ ಮಾತಿಗೆ ಬಾಯಿ ತೆರೆದವರು ಹಾಗೇ ತುತ್ತು ಇಟ್ಟುಕೊಂಡರು. ಅಭಿನಂದನ ತಾಟು ನೋಡುತ್ತ ಉಂಡರು.

"ಯಾಕ ಆಯಿ?" ಎಂದಳು ಸನ್ಮತಿ.

"ಉಣ್ಣವಾ ಸುಮ್ನ."

ಅಂದು ಅವರು ಒಣ ರೊಟ್ಟಿಗೆ ಮೊಸರು ಹಚ್ಚಿಕೊಂಡು ಉಂಡರು.

ಈಗ ಕಾರ್ತಿಕ. ಕಾರ್ಖಾನೆಯಲ್ಲಿ ಕಬ್ಬು ನುರಿಯುವುದು ಶುರುವಾಗಿದೆ, ಅಭಿನಂದನರಿಗೆ ಪಾಳಿ. ತೊಟ್ಟಿ ಅಟ್ಟದ ಮೇಲೆ ಶೇಗಡಿಯ ಬಾಜೂ ಇದೆ. ಹೋದ ವಾರ ಕಿಶೋರ ಫೋನ್ ಮಾಡಿದ್ದ. ಅವನ ಅರ್ಧದ ಬುಡದಲ್ಲಿ ತಾನಾಗಿಯೇ ಒಂದು ಮರಿ ಒಡೆದಿದೆಯಂತೆ, ಕೊಯ್ಯುವ ಕೆಲಸವೇ ಇಲ್ಲ, ಬಂದು ಒಯ್ಯಿ ಎಂದನಂತೆ. "ಅಲ್ಲೇ ಇರಲಿ ಬಿಡಪಾ," ಎಂದು ಇವರು ಫೋನ್ ಇಟ್ಟರು.

ನಾನು ಪಲ್ಯಕ್ಕೆ ಉಪ್ಪು ಹಾಕುವ ಮೊದಲು ಅತ್ತೆಯದನ್ನು ಒಂದು ಸಣ್ಣ ಗಿಂಡಿಗೆ ತೆಗೆದಿಡುತ್ತೇನೆ. ತೊವ್ವೆಯದನ್ನು ಇನ್ನೊಂದಕ್ಕೆ. ಎರಡು ಸೌಟು. ಒಂದಕ್ಕೊಂದು ತಾಗದಂತೆ ನೋಡುತ್ತೇನೆ. ಹದದ ಮಾತು ಈಗ ಇಲ್ಲ. ಜೋಳದ ರೊಟ್ಟಿಗೆ ಮಾತ್ರ ನಮ್ಮ ಮನೆಯಲ್ಲಿ ಮೊದಲಿಂದಲೂ ಉಪ್ಪು ಹಾಕುವುದಿಲ್ಲ. ಅದನ್ನು ಐವರಿಗೂ ಒಂದೇ ಹಿಟ್ಟಿನಿಂದ ಬಡಿಯುತ್ತೇನೆ. ಮೊದಲನೆಯದನ್ನು ಅವರ ತಾಟಿಗೆ ಹಾಕುತ್ತೇನೆ. ಅವರು ಮುರಿದು ಉಣ್ಣುತ್ತಾರೆ.